ಇಂಟರ್‌ವಲ್ ಆದ ಮೇಲೆ

ಚಿಂತಾಮಣಿ
24 ನವೆಂಬರ್ 2024

ಹರಿತಮ್ಮಾ,

ಆ ಸಿನಿಮಾದ ಎರಡನೇ ಭಾಗ ಬರ್ತಿದೆ. ಡಿಸೆಂಬರ್ ಇಪ್ಪತ್ತಕ್ಕೆ ಬಿಡುಗಡೆ ಅಂತ ಇಲ್ಲಿ ಬಸ್ ಸ್ಟ್ಯಾಂಡ್ ಗೋಡೆಗೆ ಪೋಸ್ಟರ್ ಅಂಟಿಸಿದ್ದಾರೆ. ಆಕಾಶದ ಜಾಗದಲ್ಲಿ ಸಮುದ್ರ ಇರುತ್ತಲ್ಲ, ಆ ಲೋಕದ ಸಿನಿಮಾ. ನೀನು ಏಳನೇ ಕ್ಲಾಸಿನಲ್ಲಿದ್ದಾಗ ನಾವಿಬ್ಬರೇ ಗೌರಿಬಿದನೂರಿಂದ ಚಿಕ್ಕಬಳ್ಳಾಪುರಕ್ಕೆ ಹೋಗಿ ನೋಡಿದ್ವಿ. ಮೇಲೆ ಈಜೋ ಮೀನುಗಳ ನೆರಳು ನೆಲದ ಮೇಲೆ ಓಡೋ ಸೀನಿಗೆ ನೀನು ಕಾಲೆರಡೂ ಎತ್ತಿ ಸೀಟಿನ ಮೇಲೆ ಇಟ್ಕೊಂಡೆ. ತುಳಿದುಬಿಡ್ತೀನಿ ಅಂತ ಭಯ ನಿನಗೆ.

ಕೊನೆಯಲ್ಲಿ ಆ ಪೈಲಟ್ ಹೆಂಗಸು ಜೊತೆಯವನನ್ನ ಅಲ್ಲೇ ಬಿಟ್ಟು ತಾನೊಬ್ಬಳೇ ಹಡಗು ಹತ್ತಿ ಹೊರಟುಹೋಗ್ತಾಳೆ. 'ಅವನ್ನ ಯಾವಾಗಪ್ಪಾ ಕರ್ಕೊಂಡು ಹೋಗ್ತಾಳೆ' ಅಂತ ವಾಪಸ್ ಬರುವಾಗ ಮಂಚೇನಹಳ್ಳಿ ತನಕ ಬಸ್ಸಲ್ಲಿ ನೀನು ಕೇಳ್ತಾನೇ ಇದ್ದೆ. ಎರಡನೇ ಭಾಗ ತೆಗೀತಾರೆ, ಆಗ ನೋಡಣ ಬಿಡು ಅಂದಿದ್ದೆ. ಅದೇ ವರ್ಷ ದಸರಾ ಹೊತ್ತಿಗೆ ನಾನು ಮನೆ ಬಿಟ್ಟು ಇಲ್ಲಿಗೆ, ಅಮೃತಳ ಜೊತೆ ಇರೋಕೆ, ಬಂದಾಗಿತ್ತು.

ನೀನು ಸೈನ್ಸ್ ಮಿಸ್ ಆಗಿದ್ದೀಯ ಅಂತ ತೊಂಡೇಬಾವಿಯಿಂದ ನನ್ನ ಫೋಟೋ ಸ್ಟುಡಿಯೋಗೆ ಆಲ್ಬಂ ಮಾಡಿಸೋಕೆ ಬಂದ ಗಿರಾಕಿಯೊಬ್ಬರು ಹೇಳಿದ್ರು. ಸ್ಕೂಲಿನ ಹೆಸರೂ ಅವರೇ ಹೇಳಿದ್ದು. ಫೋನ್ ನಂಬರ್ ಕೇಳಿದ್ರೆ ಅದನ್ನೂ ಹುಡುಕಿ ಕೊಡ್ತಿದ್ರೇನೋ, ಕೇಳಲಿಲ್ಲ. ಫೋನ್ ಮಾಡಿದ್ರೆ ನೀನು ನಿಂತ ನಿಲುವಲ್ಲೇ ಏನಾದ್ರೂ ಹೇಳ್ಬೇಕಾಗುತ್ತೆ. ಕಾಗದ ಆದ್ರೆ ಓದಿ ಸುಮ್ನೆ ಇಟ್ಬಿಡಬಹುದು.

ಚಿಕ್ಕಬಳ್ಳಾಪುರದಲ್ಲಿ ಹಳೇ ಟಾಕೀಸು ಒಡೆದು ಹೊಸದಾಗಿ ಕಟ್ಟಿದ್ದಾರಂತೆ, ಪರದೆ ದೊಡ್ಡದಂತೆ. ನೀನು ಬರೋದಾದ್ರೆ ನಾನೂ ಬರ್ತೀನಿ.

ಇಂತಿ,
ಮೋಹನ್‌ಬಾಬು


ಗೌರಿಬಿದನೂರು
3 ಡಿಸೆಂಬರ್ 2024

ಅಪ್ಪನಿಗೆ,

ಕಾಗದ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೇ ಕೊಟ್ಟರು. ಈ ಕಾಲದಲ್ಲಿ ಕಾಗದ ಬರೆಯೋರು ಯಾರು ಮಿಸ್ ಅಂತ ಕೇಳಿದರು. ಪರಿಚಯದವರು ಅಂದೆ.

ಅಮ್ಮನಿಗೆ ತೋರಿಸಿದೆ. ಕದ್ದುಮುಚ್ಚಿ ಮಾಡೋ ವಯಸ್ಸಲ್ಲ ನನ್ನದು. ಅವಳು ಪೂರ್ತಿ ಓದಿ, ಮಡಿಸಿ, ಫ್ರಿಜ್ ಮೇಲೆ ಇಟ್ಟು, 'ಹೋಗೋದಾದ್ರೆ ಹೋಗು' ಅಂದಳು.

ನನಗೆ ಮದುವೆ ಗೊತ್ತಾಗಿದೆ. ಹುಡುಗನ ಹೆಸರು ಸುನೀಲ್‌ಕುಮಾರ್, ತೊಂಡೇಬಾವಿಯವರು, ಪಶು ಆಸ್ಪತ್ರೆಯಲ್ಲಿ ಕೆಲಸ. ಏಪ್ರಿಲ್ ಕೊನೆಗೆ ಮದುವೆ. ಧಾರೆ ಎರೆಯೋಕೆ ವೆಂಕಟರವಣಪ್ಪ ಮಾವ, ಅತ್ತೆ ಕೂತ್ಕೋತಾರೆ. ನೀವು ಹೋದ ಮೇಲೆ ನನ್ನನ್ನ ಓದಿಸಿದ್ದು ಮಾವನೇ. ಈ ವಿಷಯ ಆಲ್ಬಂ ಗಿರಾಕಿಗಳಿಂದ ನಿಮಗೆ ಗೊತ್ತಾಗೋದು ಬೇಡ ಅಂತ ಬರೆದೆ, ಅಷ್ಟೇ.

ಸಿನಿಮಾಕ್ಕೆ ಬರ್ತೀನಿ. ಹೇಗಿದ್ರೂ ನೋಡೋದಿತ್ತು. 22ನೇ ತಾರೀಖು ಭಾನುವಾರ, ಮ್ಯಾಟಿನಿ. ಫೋನ್ ಬೇಡ. ಹೇಳೋದೇನಾದ್ರೂ ಇದ್ರೆ ಬರೀರಿ.

ಹರಿತಾ


ಚಿಂತಾಮಣಿ
10 ಡಿಸೆಂಬರ್ 2024

ಹರಿತಮ್ಮಾ,

ನೀನು ನನಗೆ 'ನೀವು' ಅಂತ ಬರೆದಿದ್ದೀಯ. ಚಿಕ್ಕವಳಿದ್ದಾಗ 'ನೀನು' ಅಂತಿದ್ದೆ. ಕಾಗದದಲ್ಲಿ ಹಂಗೇ ಬರೆಯೋದೇನೋ, ಇರ್ಲಿ.

ಮದುವೆ ವಿಷಯ ಓದಿ ಸಂತೋಷ ಆಯ್ತು. ಮಾವ ಕೂತ್ಕೊಳ್ಳೋದೇ ಸರಿ. ನಾನು ಬೇರೆ ಥರ ಏನೂ ಅಂದ್ಕೊಂಡಿಲ್ಲ.

ಭಾನುವಾರ ಬರ್ತೀನಿ. ತೆಲುಗು ಡಬ್ಬಿಂಗ್ ಅಂತೆ. ಪರವಾಗಿಲ್ಲ, ಅದು ಕೇಳೋ ಸಿನಿಮಾ ಅಲ್ಲ, ನೋಡೋ ಸಿನಿಮಾ. ನಾನು ಶಿಡ್ಲಘಟ್ಟದ ಮೇಲೆ ಬರೋದು, ಬಸ್ ಹೆಚ್ಚುಕಮ್ಮಿ ಆಗಬಹುದು ಅಂತ ಬೇಗನೇ ಹೊರಡ್ತೀನಿ. ಗೇಟಿನ ಹತ್ರ ನಿಂತಿರ್ತೀನಿ. ತಲೆಕೂದಲು ಹೋಗಿದೆ, ಸ್ವಲ್ಪ ದಪ್ಪ ಆಗಿದ್ದೀನಿ. ನೀನು ನನ್ನ ಗುರುತು ಹಿಡೀದೇ ಇದ್ರೂ ನಾನು ಹಿಡೀತೀನಿ.

ಮೋಹನ್‌ಬಾಬು


ಚಿಂತಾಮಣಿ
24 ಡಿಸೆಂಬರ್ 2024

ಹರಿತಮ್ಮಾ,

ಭಾನುವಾರ ನೀನು ಸರಿಯಾಗಿ ಮನೆ ಸೇರಿದೆ ಅಂದ್ಕೊಂಡಿದ್ದೀನಿ.

ಗೇಟಿನ ಹತ್ರ ನೀನು ಬಂದಿದ್ದು ನನಗೆ ಗೊತ್ತೇ ಆಗಲಿಲ್ಲ. ನಿನ್ನನ್ನ ದಾಟಿ ಹಿಂದಿನವರ ಮುಖ ನೋಡ್ತಾ ನಿಂತಿದ್ದೆ. 'ಇಲ್ಲಿ' ಅಂತ ನೀನೇ ಅನ್ನಬೇಕಾಯ್ತು. ನಿನ್ನಲ್ಲಿ ನಿಮ್ಮಜ್ಜಿ ಹಣೆ, ನಿಮ್ಮಮ್ಮನ ನಡಿಗೆ ಬಂದಿದೆ.

ಇಂಟರ್‌ವಲ್‌ನಲ್ಲಿ ನೀನು ಕೇಳಿದ್ದು ನೇರವಾದ ಮಾತು. 'ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಬರ್ತೀನಿ ಅಂತ ಹೇಳಿ ಕಳಿಸಿದ್ರಿ. ಅಜ್ಜಿ ಒಬ್ಬಟ್ಟು ಮಾಡಿಟ್ಟು ಬಾಗಿಲಲ್ಲಿ ಕೂತಿದ್ರು. ಯಾಕೆ ಬರಲಿಲ್ಲ?' ಅದಕ್ಕೆ ನಾನು, 'ಪಾಪ್‌ಕಾರ್ನ್ ತರ್ಲಾ' ಅಂದೆ. ಬಾಯಿಗೆ ಬಂದಿದ್ದೇ ಅದು. ತಗೊಂಡು ಬಂದು ನೋಡಿದ್ರೆ ನಿನ್ನ ಸೀಟಿನ ಮೇಲೆ ತ್ರೀಡಿ ಕನ್ನಡಕ ಮಾತ್ರ ಇತ್ತು.

ನೀನು ಅರ್ಧ ನೋಡಿ ಎದ್ದು ಹೋದೆ. ಮಿಕ್ಕಿದ್ದು ನಾನು ಹೇಳ್ತೀನಿ. ಕಥೆ ಅರ್ಧಕ್ಕೆ ನಿಲ್ಲಬಾರದು.

ಅವಳ ಹಡಗು ಮತ್ತೆ ಆ ಲೋಕಕ್ಕೆ ಇಳಿದು ಬಾಗಿಲು ತೆರೀತಲ್ಲ, ಅಲ್ಲಿಗೆ ಇಂಟರ್‌ವಲ್ ಬಿಟ್ಟಿದ್ದು. ಆಮೇಲೆ ಅವಳು ಹೊರಗೆ ಕಾಲಿಡ್ತಾಳೆ. ಮೇಲಿನ ಸಮುದ್ರ ಹಸಿರಿಗೆ ತಿರುಗಿರುತ್ತೆ, ಹುಣಿಸೆ ಚಿಗುರಿನ ಹಸಿರು. ಬೆಳಕು ಎಲ್ಲಿಂದ ಬೀಳ್ತಿದೆ ಅಂತ ಗೊತ್ತೇ ಆಗಲ್ಲ. ಇಷ್ಟು ವರ್ಷ ಲೈಟ್ ಕಟ್ಟಿದವನು ನಾನು, ನನಗೂ ಗೊತ್ತಾಗಲಿಲ್ಲ. ನೆರಳೇ ಬೀಳದ ಬಯಲು. ಅಲ್ಲಿ ಒಂದು ಹೆಜ್ಜೆ ಅಂದ್ರೆ ಒಂದು ವರ್ಷವಂತೆ. ನಡೀತಾ ನಡೀತಾ ಅವಳ ಕೂದಲು ಬೆಳ್ಳಗಾಗ್ತಾ ಹೋಗುತ್ತೆ. ಅದು ಅವಳಿಗೆ ಗೊತ್ತಿಲ್ಲ, ನೋಡೋ ನಮಗೆ ಮಾತ್ರ ಗೊತ್ತು.

ಬಯಲಿನ ತುದಿಗೆ ಒಂದು ಬಾವಿ. ಮೆಟ್ಟಿಲಿರೋ ಕಲ್ಲುಬಾವಿ, ಪಕ್ಕದಲ್ಲಿ ಅದರ ಮೇಲೇ ಬಗ್ಗಿಕೊಂಡಿರೋ ಮರ. ನೀರೆಲ್ಲ ಮೇಲಿರೋ ಲೋಕ ಅದು, ಹಾಗಾಗಿ ಬಾವಿ ಒಣಗಿರುತ್ತೆ. ಮೂರನೇ ಮೆಟ್ಟಿಲ ಮೇಲೆ ಅವನು ಕೂತಿರ್ತಾನೆ. ಅವಳು ಬಂದಿದ್ದು ನೋಡ್ತಾನೆ, ಏಳಲ್ಲ. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡ್ತಾನೆ. ಎಲ್ಲಿದ್ದೆ, ಯಾಕೆ ತಡ, ಏನೂ ಕೇಳಲ್ಲ. ಅವಳು ಕೂತ್ಕೋತಾಳೆ. ಆಗ ಮೇಲಿನ ಸಮುದ್ರ ಹನಿಹನಿಯಾಗಿ ಇಳಿಯೋಕೆ ಶುರುವಾಗುತ್ತೆ. ಬಾವಿ ತುಂಬ್ತಾ ಬರುತ್ತೆ, ಇಬ್ಬರೂ ಒಂದೊಂದೇ ಮೆಟ್ಟಿಲು ಮೇಲಕ್ಕೆ ಸರೀತಾರೆ. ಅಲ್ಲಿಗೆ ಮುಗಿಯುತ್ತೆ.

ಒಬ್ಬರೂ ಸೀಟಿ ಹೊಡೀಲಿಲ್ಲ. ದೀಪ ಹಾಕಿದ ಮೇಲೂ ಒಂದಷ್ಟು ಜನ ಕೂತೇ ಇದ್ರು.

ಮೋಹನ್‌ಬಾಬು


ಗೌರಿಬಿದನೂರು
27 ಜನವರಿ 2025

ಅಪ್ಪನಿಗೆ,

ಸಂಕ್ರಾಂತಿ ಆದ ಮೇಲೆ ಆ ಸಿನಿಮಾ ನಮ್ಮೂರಿಗೇ ಬಂತು. ಇಲ್ಲಿ ತ್ರೀಡಿ ಇಲ್ಲ, ಮಾಮೂಲಿ ಪರದೆ. ಅಮ್ಮನ್ನ ಕರ್ಕೊಂಡು ಹೋದೆ. ಅವಳಿಗೆ ಇಂಥ ಸಿನಿಮಾ ಹಿಡಿಸಲ್ಲ. ಆದ್ರೆ ನಿಮ್ಮ ಕಾಗದ ಓದಿ ಹೇಳಿದ್ದೆ, 'ಆ ಬಾವಿ ಸೀನು ನೋಡಣ ನಡಿ' ಅಂದಳು.

ಇಂಟರ್‌ವಲ್ ಆದ ಮೇಲೆ, ಈಗ ಬರುತ್ತೆ ನೋಡು, ಈಗ ಬರುತ್ತೆ ಅಂತ ಅವಳಿಗೆ ಹೇಳ್ತಾನೇ ಇದ್ದೆ. ಪಕ್ಕದ ಸೀಟಿನವರು ಬೈದರು. ಸಿನಿಮಾ ಮುಗೀತು. ಬಯಲೂ ಇಲ್ಲ, ಬಾವಿಯೂ ಇಲ್ಲ, ಮಳೆಯೂ ಇಲ್ಲ.

ಸಿನಿಮಾದಲ್ಲಿ ಇರೋದು ಇದು. ಅವಳು ವಾಪಸ್ ಹೋಗೋ ಹೊತ್ತಿಗೆ ಅಲ್ಲಿ ಗಾಜಿನ ಊರು ಕಟ್ಟಿರ್ತಾರೆ. ಅವನಿಗೆ ಅಲ್ಲೊಂದು ಮನೆ ಇದೆ, ಕೆಲಸ ಇದೆ, ಜೊತೆಗೆ ಜನ ಇದ್ದಾರೆ. ಅವನು ಕಾಯ್ತಾ ಕೂತಿಲ್ಲ. ಅವಳು ಹುಡುಕ್ಕೊಂಡು ಹೋದಾಗ ಮರ್ಯಾದೆಯಾಗೇ ಮಾತಾಡಿಸ್ತಾನೆ, ಕೂರಿಸಿ ಕುಡಿಯೋಕೆ ಕೊಡ್ತಾನೆ. ಬಾ ಅಂತ ಕರೆದ್ರೆ ಬರಲ್ಲ ಅಂತಾನೆ. ಹಡಗಿನ ತನಕ ಬಂದು ಕಳಿಸ್ತಾನೆ. ಅವಳು ಒಬ್ಬಳೇ ಹೊರಡ್ತಾಳೆ. ಹಡಗು ಮೇಲಿನ ಸಮುದ್ರದೊಳಗೆ ನುಗ್ಗಿದಾಗ ಮೀನಿನ ಹಿಂಡೆಲ್ಲ ಬೆಳಕಾಗಿ ಸಿಡಿಯುತ್ತೆ. ಅದೊಂದು ಮಾತ್ರ ಬಹಳ ಚೆನ್ನಾಗಿದೆ. ನಮ್ಮ ಮುಖದ ಮೇಲೆಲ್ಲ ಆ ನೀಲಿ ಬಿದ್ದಿತ್ತು.

ಮನೆಗೆ ನಡೆದು ಬರುವಾಗ ಅಮ್ಮ, 'ಅದರಲ್ಲಿ ಬಾವಿ ಎಲ್ಲಿತ್ತೇ?' ಅಂದಳು. ಇಲ್ಲಮ್ಮ ಅಂದೆ. ಸ್ವಲ್ಪ ದೂರ ಬಂದ ಮೇಲೆ, 'ಆ ಬಾವಿ ನಮ್ದು ಕಣೇ' ಅಂದಳು. 'ಹಳೇ ಮನೆ ಹಿಂದೆ ಇತ್ತು, ನೀನು ಹುಟ್ಟೋಕೆ ಮುಂಚೆ ಮುಚ್ಚಿಸಿದ್ವಿ. ಮದುವೆಯಾದ ಹೊಸದರಲ್ಲಿ ಮೂರನೇ ಮೆಟ್ಟಿಲ ಮೇಲೆ ಕೂರಿಸಿ ನನ್ನ ಫೋಟೋ ತೆಗೆದಿದ್ರು.' ಆಮೇಲೆ ತನಗೆ ತಾನೇ ಹೇಳ್ಕೊಳ್ಳೋ ಹಾಗೆ, 'ಇವರು ತೋರಿಸಿದ್ದಕ್ಕಿಂತ ಅವರು ಹೇಳಿದ್ದೇ ಚೆನ್ನಾಗಿತ್ತು' ಅಂದಳು. ನಗ್ತಿದ್ದಳೋ ಏನೋ, ಬೀದಿ ದೀಪ ಇರಲಿಲ್ಲ, ಕಾಣಲಿಲ್ಲ.

ನನಗೆ ನಗು ಬರಲಿಲ್ಲ. ಯಾಕಪ್ಪಾ ಹಿಂಗೆ ಮಾಡ್ದೆ? ನೋಡಿಲ್ಲ ಅಂದ್ರೆ ನೋಡಿಲ್ಲ ಅಂತ ಬರೆದಿದ್ರೆ ಆಗ್ತಿರಲಿಲ್ವಾ?

ಹರಿತಾ


ಚಿಂತಾಮಣಿ
5 ಫೆಬ್ರವರಿ 2025

ಹರಿತಮ್ಮಾ,

ನೋಡಿಲ್ಲ.

ಪಾಪ್‌ಕಾರ್ನ್ ಸೀಟಿನ ಮೇಲಿಟ್ಟು ಹೊರಗೆ ಬಂದೆ. ನೀನು ರಸ್ತೆ ದಾಟ್ತಾ ಇದ್ದೆ. ಕೂಗಲಿಲ್ಲ, ಬಸ್ ಸ್ಟ್ಯಾಂಡ್ ತನಕ ಹಿಂದೇನೇ ಬಂದೆ. ನೀನು ಬಸ್ ಹತ್ತಿ ಕಿಟಕಿ ಪಕ್ಕ ಕೂತೆ. ಅಳ್ತಾ ಇರ್ತೀಯ ಅಂದ್ಕೊಂಡಿದ್ದೆ. ಹೂವಿನ ಅಂಗಡಿ ಮರೆಯಿಂದ ನೋಡಿದ್ರೆ, ಬ್ಯಾಗಿನಿಂದ ಮಕ್ಕಳ ಉತ್ತರಪತ್ರಿಕೆ ಕಟ್ಟು ತೆಗೆದು ಕೆಂಪು ಪೆನ್ನಲ್ಲಿ ತಿದ್ದುತ್ತಾ ಕೂತಿದ್ದೆ. ಒಂದು ಕಡೆ ಪೆನ್ನು ನಿಲ್ಲಿಸಿ, ಏನು ಬರೆದಿತ್ತೋ ಆ ಮಗು, ಸ್ವಲ್ಪ ನಕ್ಕೆ. ಬಸ್ ಹೊರಟಿತು.

ಅದಾದ ಮೇಲೆ ಥಿಯೇಟರಿಗೆ ವಾಪಸ್ ಹೋಗೋ ಮನಸ್ಸಾಗಲಿಲ್ಲ. ಶಿಡ್ಲಘಟ್ಟದ ಬಸ್ ಹತ್ತಿದೆ. ಮಿಕ್ಕಿದ್ದು ಹೀಗಿರಬಹುದು, ಹಾಗಿರಬಹುದು ಅಂತ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದೆ. ಬರೆಯೋಕೆ ಕೂತಾಗ ನೋಡಿದ್ದೀನಿ ಅಂತಲೇ ಅನ್ನಿಸ್ತಿತ್ತು. ಬಾವಿ ನಮ್ಮದೇ ಅಂತ ನಿಮ್ಮಮ್ಮ ಹೇಳಿದ್ಮೇಲೇ ನನಗೂ ಹೊಳೆದಿದ್ದು.

ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆಯೋಣ ಅಂತ ಎಷ್ಟೋ ಸಲ ಕೂತೆ. ಏನು ಬರೆದ್ರೂ ಅದರಲ್ಲಿ ಒಂದು ಬಾವಿ, ಒಂದು ಮಳೆ ಬಂದುಬಿಡುತ್ತೆ. ಹರಿದು ಹಾಕಿದೆ. ಬರಬಹುದಿತ್ತು. ಬರಲಿಲ್ಲ. ಇದಕ್ಕಿಂತ ಜಾಸ್ತಿ ಬರೆದ್ರೆ ಅದು ಮತ್ತೆ ನಾನು ಕಟ್ಟಿದ್ದೇ ಆಗುತ್ತೆ.

ಒಂದು ಕೇಳ್ತೀನಿ. ಆಗಲ್ಲ ಅಂದ್ರೆ ಬೇಜಾರಿಲ್ಲ. ನಿನ್ನ ಮದುವೆಗೆ ಫೋಟೋ ತೆಗೆಯೋನಾಗಿ ಬರ್ಲಾ? ಮಂಟಪದಲ್ಲಿ ಫೋಟೋದವನ ಮುಖ ಯಾರೂ ನೋಡಲ್ಲ. ಕ್ಯಾಮೆರಾನೇ ಅವನ ಮುಖ. ಎಲ್ಲರಿಗಿಂತ ಹತ್ತಿರ ನಿಂತಿದ್ರೂ, ಬಂದಿದ್ದ ಅಂತ ಯಾರಿಗೂ ನೆನಪಿರಲ್ಲ. ನಿಮ್ಮ ಯಾರಿಗೂ ಮುಜುಗರ ಆಗಲ್ಲ.

ಮೋಹನ್‌ಬಾಬು


ಗೌರಿಬಿದನೂರು
20 ಫೆಬ್ರವರಿ 2025

ಅಪ್ಪನಿಗೆ,

ಫೋಟೋದವರು ಗೊತ್ತಾಗಿದ್ದಾರೆ. ತೊಂಡೇಬಾವಿ ಕಡೆಯವರೇ ಹೇಳಿಬಿಟ್ಟಿದ್ದಾರೆ.

ನಿಮ್ಮ ಕಾಗದ ಬಂದ ದಿನ ಅಮ್ಮ ಅವರೆಕಾಯಿ ಸುಲೀತಾ ಕೂತಿದ್ದಳು. ಮಾವನೂ ಬಂದಿದ್ದರು. ಓದಲಾ ಅಂದೆ, ಓದು ಅಂದಳು. ಬಸ್ಸಿನಲ್ಲಿ ನಾನು ನಕ್ಕಿದ್ದು ಬಂದಾಗ ಅವಳ ಕೈ ನಿಂತಿತು, ಮತ್ತೆ ಸುಲಿದಳು. ಫೋಟೋ ವಿಷಯ ಬಂದಾಗ ಮಾವನಿಗೆ ಸಿಟ್ಟು ಬಂತು. 'ಅವನು ಯಾವ ಮುಖ ಇಟ್ಕೊಂಡು ಬರ್ತಾನೆ' ಅಂದರು.

ಅಮ್ಮ, 'ಇರೋ ಮುಖಾನೇ ಇಟ್ಕೊಂಡು ಬರ್ಲಿ ಅಣ್ಣ' ಅಂದಳು. 'ಕ್ಯಾಮೆರಾ ಬೇಡ. ಬರೋದಾದ್ರೆ ಬರೀ ಕೈಲಿ ಬರ್ಲಿ. ಬಂದು ಜನರ ಮಧ್ಯೆ ಕೂತ್ಕೊಳ್ಳಿ. ಕೇಳಿದೋರಿಗೆ ಉತ್ತರ ಹೇಳ್ಲಿ.' ಮಾವ ಇನ್ನೂ ಏನೋ ಹೇಳೋಕೆ ಹೋದರು. 'ಪೋನೀ ಅಣ್ಣ' ಅಂತ ಅಲ್ಲಿಗೆ ಮುಗಿಸಿದಳು. ಅವಳು ತೆಲುಗಲ್ಲಿ ಹೋಗಲಿ ಬಿಡು ಅಂದ ಮೇಲೆ ನಮ್ಮನೇಲಿ ಯಾರೂ ಮಾತಾಡಲ್ಲ, ನಿಮಗೂ ಗೊತ್ತು.

ಅಮೃತ ಅವರೂ ಬರೋ ಬಗ್ಗೆ ಅಮ್ಮ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನೀವೇ ಅರ್ಥ ಮಾಡ್ಕೊಳ್ಳಿ.

ಎಲ್ಲಿ ಕೂತ್ಕೋಬೇಕು ಅಂತ ನಾವ್ಯಾರೂ ಹೇಳಲ್ಲ. ಲಗ್ನಪತ್ರಿಕೆ ಅಚ್ಚಾದ ಮೇಲೆ ಕಳಿಸ್ತೀನಿ. ಅದರಲ್ಲಿ 'ಮೋಹನ್‌ಬಾಬು ಅವರ ಪುತ್ರಿ' ಅಂತಲೇ ಇರುತ್ತೆ. ಇದು ನಿಮಗೋಸ್ಕರ ಹಾಕಿಸಿದ್ದಲ್ಲ. ನನ್ನ ಮಾರ್ಕ್ಸ್ ಕಾರ್ಡಿನಲ್ಲೂ ಹಾಗೇ ಇದೆ.

ಹರಿತಾ


ತೊಂಡೇಬಾವಿ
11 ಮೇ 2025

ಅಪ್ಪನಿಗೆ,

ನೀವು ಬಂದಿದ್ದನ್ನ ನಾನು ಮಂಟಪದಿಂದಲೇ ನೋಡಿದೆ. ಬಾಗಿಲಲ್ಲಿ ಪನ್ನೀರು ಹಾಕೋ ಹುಡುಗಿಯರ ಹತ್ರ ತುಂಬ ಹೊತ್ತು ನಿಂತಿದ್ರಿ. ಕ್ಯಾಮೆರಾ ಇಲ್ಲದೆ ಕೈ ಎಲ್ಲಿಟ್ಕೋಬೇಕು ಅಂತ ನಿಮಗೆ ಗೊತ್ತಾಗ್ತಾ ಇರಲಿಲ್ಲ. ಹಿಂದೆ ಕಟ್ಟಿಕೊಂಡ್ರಿ, ಜೇಬಲ್ಲಿ ಇಟ್ಕೊಂಡ್ರಿ, ಕೊನೆಗೆ ಮಧ್ಯದ ಸಾಲಿನಲ್ಲಿ ಕೂತು ಮೊಣಕಾಲ ಮೇಲೆ ಇಟ್ಕೊಂಡ್ರಿ.

ನಿಮ್ಮ ಪಕ್ಕ ಕೂತಿದ್ದವರು ಕೋನಪ್ಪ ತಾತ. ಅಜ್ಜಿಯ ತಮ್ಮ. ಈಗ ಅವರಿಗೆ ಕಣ್ಣು ಅಷ್ಟಾಗಿ ಕಾಣಲ್ಲ, ಗಂಟಲು ಮಾತ್ರ ಹಾಗೇ ಇದೆ. ನಿಮ್ಮನ್ನ ಗುರುತು ಹಿಡಿದಿದ್ರೆ ಕೇಳ್ತಿರಲಿಲ್ಲ. ಧಾರೆಗೆ ಮಾವ ತಂಬಿಗೆ ಎತ್ತಿಕೊಂಡಿದ್ದರು, ಓಲಗದವರು ಅಷ್ಟರಲ್ಲೇ ನಿಲ್ಲಿಸಿದ್ದರು. ಹಾಗಾಗಿ ಎಲ್ಲರಿಗೂ ಕೇಳಿಸ್ತು.

'ಯಾವ ಕಡೆಯೋನಪ್ಪಾ ನೀನು?'

'ಹುಡುಗಿ ಕಡೆ.'

'ಹುಡುಗಿಗೆ ಏನಾಗ್ಬೇಕು?'

ನೀವು ಮೊಣಕಾಲ ಮೇಲಿನ ಕೈ ತೆಗೆದು ಕುರ್ಚಿ ಹಿಡ್ಕೊಂಡ್ರಿ. ಇನ್ನೇನು ಎದ್ದು ಹೋಗ್ತೀರಿ ಅಂದ್ಕೊಂಡೆ. ಮಾವನ ತಂಬಿಗೆ ಹಾಗೇ ನಿಂತಿತ್ತು. ಪುರೋಹಿತರೂ ತಲೆ ಎತ್ತಿ ನೋಡಿದರು. ನನಗೆ ನೀವು ಹೇಳಿದ್ದು ಕೇಳಿಸಲಿಲ್ಲ, ತಾತನಿಗೂ ಕೇಳಿಸಲಿಲ್ಲ. 'ಏನೂ?' ಅಂದರು. ಆಗ ನೀವು ಜೋರಾಗಿ ಹೇಳಿದ್ರಿ.

'ಅಪ್ಪ.'

'ಅಪ್ಪ ಆದ್ರೆ ಇಲ್ಲ್ಯಾಕಪ್ಪಾ ಕೂತಿದ್ದೀಯ?' ಅಂದರು ತಾತ.

ನೀವು ಎದ್ದು ಹೋಗಲಿಲ್ಲ. ಜನ ತಿರುಗಿ ತಿರುಗಿ ನೋಡ್ತಿದ್ರೂ ಕೂತೇ ಇದ್ರಿ. ಮಾವ ನೀರು ಎರೆದರು. ಅಮ್ಮ ಕಂಬದ ಪಕ್ಕ ನಿಂತು ನಿಮ್ಮನ್ನೇ ನೋಡ್ತಾ ಇದ್ದಳು. ಆಮೇಲೆ ಅಕ್ಷತೆ ತಟ್ಟೆ ಹಿಡಿದಿದ್ದ ಹುಡುಗಿಗೆ ಏನೋ ಹೇಳಿ ನಿಮ್ಮ ಸಾಲಿಗೆ ಕಳಿಸಿದಳು.

ಊಟದ ವಿಷಯ ನಿಮಗೆ ಗೊತ್ತಿಲ್ಲ, ಅದಕ್ಕೇ ಬರೀತಿದ್ದೀನಿ. ಮೊದಲನೇ ಪಂಕ್ತಿಯಲ್ಲಿ ಮಾವನ ಪಕ್ಕ ಒಂದು ಎಲೆ ಖಾಲಿ ಇಡೋಕೆ ಅಮ್ಮ ಹೇಳಿದ್ದಳು. ಯಾರಿಗೆ ಅಂತ ಹೇಳಿರಲಿಲ್ಲ. ಮಾವನೂ ಕೇಳಲಿಲ್ಲ. ಪಲ್ಯ, ಕೋಸಂಬರಿ ಎಲ್ಲ ಬಡಿಸಿದ ಮೇಲೆ ನಿಮ್ಮನ್ನ ಕರೆಯೋಕೆ ಸುನೀಲ್ ಗೇಟಿನ ತನಕ ಬಂದು ನೋಡಿದರು. ನೀವು ಹೊರಟುಹೋಗಿದ್ರಿ. ಅನ್ನ ಆರುತ್ತೆ ಅಂತ ಆ ಎಲೆಗೆ ಕೋನಪ್ಪ ತಾತನ್ನ ಕೂರಿಸಿದ್ವಿ. ಅವರು ಚೆನ್ನಾಗಿ ಊಟ ಮಾಡಿದರು.

ಇದನ್ನ ಬರೀ ಅಂತ ಅಮ್ಮ ಹೇಳಿಲ್ಲ.

ಸ್ಕೂಲು ಶುರುವಾಗೋಕೆ ಮುಂಚೆ, 25ನೇ ತಾರೀಖು ಭಾನುವಾರ, ನಾನೂ ಸುನೀಲ್‌ರೂ ಗೌರಿಬಿದನೂರಿಗೆ ಅಮ್ಮನ ಮನೆಗೆ ಹೋಗ್ತೀವಿ. ಮಧ್ಯಾಹ್ನ ಊಟಕ್ಕೆ ಇರ್ತೀವಿ. ಮಾವ ಬರ್ತಾರೆ. ಅಡುಗೆ ಸ್ವಲ್ಪ ಜಾಸ್ತೀನೇ ಮಾಡ್ತಾಳೆ ಅಮ್ಮ, ಯಾವಾಗಲೂ ಹಾಗೇ.

ನಿಮಗೆ ತಿಳಿಸಿದ್ದೀನಿ, ಅಷ್ಟೇ.

ಹರಿತಾ